ಎರಡು ಎಂ.ಎಲ್. ಹಾಲಿಗಾಗಿ: ರಾಯಚೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ಸಿಂಧನೂರು ತಾಲೂಕಿನ ಭತ್ತದ ರೈತ. ನಮ್ಮ ಕಡೆಯಿಂದ ನಿಮ್ಮ ಹತ್ತಿರ ಕಾಲುವೆ ನೀರು ಕೇಳಿಕೊಂಡು ಬರುವವರೇ ಜಾಸ್ತಿ. ನಾನು ಬರೆಯುತ್ತಿರುವುದು ಹಾಲಿನ ಬಗ್ಗೆ. ಅದೂ ತಿಂಗಳು ತುಂಬದೆ ಹುಟ್ಟಿದ ಪುಟ್ಟ ಮಗು ಸಲಕ್ಕೆ ಕುಡಿಯುವ ಎರಡು ಎಂ.ಎಲ್. ಹಾಲಿನ ಬಗ್ಗೆ.

ನಮ್ಮ ಮಗಳು ಬಸಿರಿನ 30ನೇ ವಾರಕ್ಕೇ ಹುಟ್ಟಿದಳು. ತೂಕ 1,200 ಗ್ರಾಂ. ಹೆಂಡತಿಗೆ ಸಿಸೇರಿಯನ್ ಆಗಿತ್ತು, ಏಳುವ ಹಾಗಿರಲಿಲ್ಲ. ಅವಳನ್ನು ಸಿಂಧನೂರಿನಲ್ಲೇ ಬಿಟ್ಟು, ಮಗುವನ್ನು ಆಂಬುಲೆನ್ಸಿನಲ್ಲಿ 80 ಕಿಲೋಮೀಟರಿಗಿಂತ ದೂರದ ರಾಯಚೂರಿನ ಆಸ್ಪತ್ರೆಗೆ ತಂದೆವು. ಮಾನ್ವಿ ದಾಟುವಾಗ ನನ್ನ ಕಣ್ಣು ಆ ಪುಟ್ಟ ಎದೆ ಏರಿ ಇಳಿಯುವುದರ ಮೇಲೇ ಇತ್ತು. ಹಾಲಿನ ಯೋಚನೆ ಯಾರಿಗೂ ಬರಲಿಲ್ಲ.

ರಾತ್ರಿ ಎರಡು ಗಂಟೆಗೆ ಸಿಸ್ಟರ್ ಹೊರಗೆ ಬಂದು ಚೀಟಿ ಕೊಟ್ಟರು. ಹಾಲಿನ ಪೌಡರ್ ಡಬ್ಬಿ ತರಬೇಕಿತ್ತು, ತಂದುಕೊಟ್ಟೆ. ಅವರನ್ನು ದೂರಲಾರೆ. ತಾಯಿ ಅಲ್ಲಿಲ್ಲ, ಹಾಲಿಲ್ಲ, ಅವರಾದರೂ ಏನು ಮಾಡಬೇಕು?

ಒಂಬತ್ತನೇ ದಿನ ಮಗುವಿನ ಹೊಟ್ಟೆ ಉಬ್ಬಿತು. ಹಾಲಿನ ನಳಿಕೆಯಲ್ಲಿ ಹಸಿರು ನೀರು ವಾಪಸ್ ಬಂತು. ಆಮೇಲೆ ಮಲದಲ್ಲಿ ರಕ್ತ. ಡಾಕ್ಟರು ಒಂದು ಉದ್ದ ಹೆಸರು ಹೇಳಿದರು, ನೆಕ್ರೋಟೈಸಿಂಗ್ ಎಂಟರೋಕೊಲೈಟಿಸ್. ಕರುಳಿನ ಗೋಡೆ ಊದಿಕೊಂಡು, ಅಲ್ಲಲ್ಲಿ ಸತ್ತು, ತೂತು ಬೀಳಲೂಬಹುದಾದ ಕಾಯಿಲೆ. ಹಾಲು ಪೂರ್ತಿ ನಿಲ್ಲಿಸಿದರು. ಹನ್ನೊಂದು ದಿನ ಸಲೈನ್, ಆಂಟಿಬಯೋಟಿಕ್. ನಮ್ಮ ಮಗು ಉಳಿಯಿತು. ಅದೇ ಕಾಯಿಲೆ ಬಂದ ಪಕ್ಕದ ಮಗು ಉಳಿಯಲಿಲ್ಲ.

ಪೌಡರಿನಿಂದಲೇ ಹೀಗಾಯಿತು ಎಂದು ನಾನು ಹೇಳುವುದಿಲ್ಲ. ತಾಯಿ ಹಾಲು ಕುಡಿದ ಮಕ್ಕಳಿಗೂ ಇದು ಬರುತ್ತದೆ. ಆದರೆ ಬೇರೆ ತಾಯಂದಿರು ದಾನ ಕೊಟ್ಟ ಹಾಲು ಕುಡಿದ ಮಕ್ಕಳಿಗಿಂತ ಪೌಡರ್ ಹಾಲು ಕುಡಿದವರಲ್ಲಿ ಈ ಕಾಯಿಲೆ ಹೆಚ್ಚುಕಡಿಮೆ ಎರಡು ಪಟ್ಟು ಎಂದು ಹಲವು ದೇಶಗಳ ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಕಂಡುಕೊಂಡಿದ್ದಾರೆ.

ಯಾಕೆ ಹೀಗೆ ಎಂದು ಡಾಕ್ಟರು ಒಂದು ಸಂಜೆ ಕೂತು ಬಿಡಿಸಿ ಹೇಳಿದರು. ತಿಂಗಳು ತುಂಬದ ಮಗುವಿನ ಕರುಳು ಇನ್ನೂ ಬಲಿತಿರುವುದಿಲ್ಲ. ಗೋಡೆ ಸಡಿಲ, ಅದರ ಮೇಲಿನ ಲೋಳೆ ತೆಳು. ಅಲ್ಲಿ ಯಾವ ಬ್ಯಾಕ್ಟೀರಿಯಾ ಮೊದಲು ನೆಲೆ ನಿಲ್ಲುತ್ತವೆ ಎನ್ನುವುದು ಬಹಳ ಮುಖ್ಯ. ತಾಯಿ ಹಾಲಿನಲ್ಲಿ ಒಂದು ಬಗೆಯ ಸಕ್ಕರೆ ಇದೆ. ಅದು ಮಗುವಿಗೆ ಅರಗುವುದೇ ಇಲ್ಲ! ಅದು ಬಿಫಿಡೋ ಎಂಬ ಒಳ್ಳೆಯ ಬ್ಯಾಕ್ಟೀರಿಯಾದ ಊಟ. ಇದನ್ನು ಕೇಳಿದಾಗ ನನಗೆ ಗದ್ದೆ ನೆನಪಾಯಿತು. ಸಸಿ ಮೊದಲು ಹಿಡಿದುಕೊಂಡರೆ ಕಳೆಗೆ ಜಾಗ ಕಡಿಮೆ ಅಲ್ವಾ? ಮೊದಲ ದಿನಗಳ ಹಳದಿ ಹಾಲಿನಲ್ಲಿ ಕರುಳಿಗೆ ಕಾವಲು ನಿಲ್ಲುವ ಅಂಶಗಳೂ ಇವೆ. ಬೇಗ ಹೆತ್ತ ತಾಯಿಯ ಹಾಲಿನಲ್ಲಿ ಶುರುವಿನ ವಾರಗಳಲ್ಲಿ ಅವು ಇನ್ನೂ ಜಾಸ್ತಿ ಇರುತ್ತವೆ.

ನಮ್ಮ ಮನೆಯಲ್ಲಿ ಎಮ್ಮೆ ಈದರೆ ಗಿಣ್ಣು ಮೊದಲು ಕರುವಿನ ಬಾಯಿಗೆ. ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ನನ್ನ ಹೆಂಡತಿಯ ಗಿಣ್ಣು ಮೂರು ದಿನ ಸೀರೆಯ ಸೆರಗಿಗೆ ಹೋಯಿತು. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಶುರು ಮಾಡಿ ದಿನಕ್ಕೆ ಎಂಟು ಸಲವಾದರೂ ಹಿಂಡಿ ತೆಗೆಯಬೇಕು, ಇಲ್ಲದಿದ್ದರೆ ಹಾಲು ಬತ್ತುತ್ತಾ ಹೋಗುತ್ತದೆ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಸಿಂಧನೂರಿಗೂ ರಾಯಚೂರಿಗೂ ನಾನು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಒಂದು ಸ್ವಚ್ಛ ಬಾಟಲಿ, ಒಂದು ಐಸ್ ಡಬ್ಬಿ ಕೊಟ್ಟಿದ್ದರೆ ಕೈಯಲ್ಲಿ ಹಿಡಿದು ತರುತ್ತಿದ್ದೆ. ನಾಲ್ಕನೇ ದಿನ ಅವಳೇ ಬಂದಳು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ವರಾಂಡದಲ್ಲಿ ಚಾಪೆ ಮೇಲೆ ಮಲಗಿದಳು. ಅಷ್ಟರಲ್ಲಿ ಹಾಲು ಕಡಿಮೆಯಾಗಿತ್ತು.

ಅದಕ್ಕೇ ನಾನು ಮೊದಲು ಕೇಳುವುದು ತಾಯಿಗೆ ಒಂದು ಹಾಸಿಗೆ. ಮಗು ಇರುವ ಕೋಣೆಯಲ್ಲೇ, ಇಲ್ಲದಿದ್ದರೆ ಅದರ ಪಕ್ಕದಲ್ಲಿ. ಹಾಲು ಹಿಂಡಲು ಪಂಪ್, ಒಂದು ಫ್ರಿಜ್, ಹೇಳಿಕೊಡಲು ತರಬೇತಿ ಪಡೆದ ಒಬ್ಬ ಸಿಸ್ಟರ್. ತಾಲೂಕಿನಿಂದ ಮಗುವನ್ನು ಕಳಿಸುವಾಗ ತಾಯಿಯನ್ನೂ ಕಳಿಸಿ. ಆಗದಿದ್ದರೆ ಅವಳ ಹಾಲನ್ನಾದರೂ ಕಳಿಸಿ.

ಎಷ್ಟು ಹಿಂಡಿದರೂ ಹಾಲು ಸಾಲದ ತಾಯಂದಿರಿಗೆ ಎದೆಹಾಲು ಬ್ಯಾಂಕ್ ಬೇಕು. ಇದು ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗಳ ಕೆಲಸ ಎಂದುಕೊಳ್ಳಬೇಡಿ. ಮುಂಬೈನಲ್ಲಿ ಧಾರಾವಿಯ ಹತ್ತಿರದ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಇದನ್ನು 1989ರಲ್ಲೇ ಶುರು ಮಾಡಿದರು. ಅದು ಪಾಲಿಕೆಯ ಆಸ್ಪತ್ರೆ, ಏಷ್ಯಾದ ಮೊದಲ ಎದೆಹಾಲು ಬ್ಯಾಂಕ್. ದಾನ ಕೊಡುವ ತಾಯಿಯ ರಕ್ತ ಪರೀಕ್ಷೆ ಮಾಡುತ್ತಾರೆ. ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ತಣಿಸಿ, ಫ್ರೀಜರಿನಲ್ಲಿ ಇಡುತ್ತಾರೆ. ಬೆಂಗಳೂರಿನ ಸರ್ಕಾರಿ ವಾಣಿ ವಿಲಾಸ ಆಸ್ಪತ್ರೆಯಲ್ಲೂ 2022ರಲ್ಲಿ ಶುರುವಾಗಿದೆ. ಕೇಂದ್ರ ಸರ್ಕಾರ 2017ರಲ್ಲೇ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. ನಮ್ಮ ಭಾಗಕ್ಕೆ ಸಂವಿಧಾನದಲ್ಲಿ ವಿಶೇಷ ಸ್ಥಾನ ಕೊಟ್ಟಿರುವ 371(ಜೆ) ವಿಧಿ ಇದೆ, ಕಲ್ಯಾಣ ಕರ್ನಾಟಕ ಮಂಡಳಿಯ ದುಡ್ಡಿದೆ. ರಸ್ತೆ, ಕಟ್ಟಡಗಳ ಪಟ್ಟಿಯಲ್ಲಿ ಇದಕ್ಕೂ ಒಂದು ಸಾಲು ಬರೆಸಿ.

ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಮುಂದಿನ ಕೆಡಿಪಿ ಸಭೆಯಲ್ಲಿ ಆರೋಗ್ಯ ಅಧಿಕಾರಿಗಳನ್ನು ದಯವಿಟ್ಟು ಎರಡು ಪ್ರಶ್ನೆ ಕೇಳಿ. ಹೋದ ತಿಂಗಳು ಜಿಲ್ಲೆಯಲ್ಲಿ ದಾಖಲಾದ ಒಂದೂವರೆ ಕೆಜಿಗಿಂತ ಚಿಕ್ಕ ಮಕ್ಕಳಲ್ಲಿ ಎಷ್ಟು ಮಂದಿಗೆ ಮೊದಲ ದಿನವೇ ತಾಯಿಯ ಹಾಲು ಸಿಕ್ಕಿತು? ಆ ತಾಯಂದಿರು ರಾತ್ರಿ ಎಲ್ಲಿ ಮಲಗಿದರು? ಸಿಕ್ಕ ಉತ್ತರವನ್ನು ನಮಗೂ ತಿಳಿಸಿ.

ಇಂತಿ,
ಸಿಂಧನೂರು ತಾಲೂಕಿನ ಒಬ್ಬ ತಂದೆ