ಪುಸ್ತಕದ ಪೆಟ್ಟಿಗೆಯೂ ಅಪ್ಪಯ್ಯನ ಕಣ್ಣೂ

ನ್ಯೂಕ್ಯಾಸಲ್
ಮೇ 6, ಮಂಗಳವಾರ

ಅಮ್ಮನಿಗೆ ನಮಸ್ಕಾರಗಳು. ನಾವೆಲ್ಲ ಕ್ಷೇಮ. ನಿನ್ನ ಕಾಗದ ಶನಿವಾರ ಕೈಸೇರಿತು.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ನಮ್ಮ ಮನೆಗೆ ಪೆಟ್ಟಿಗೆಗಟ್ಟಲೆ ಪುಸ್ತಕ ಬರುತ್ತದೆ ಅಂತ ಗಿರಿ ಹೇಳಿದ್ದು ನಿಜ. ಆದರೆ ಅದಕ್ಕೆ ನಾನು ಒಂದು ಪೈಸೆಯನ್ನೂ ಕೊಡುವುದಿಲ್ಲ. ಇಲ್ಲಿ ಮಕ್ಕಳ ಪುಸ್ತಕಗಳಿಗೆಂದೇ ಇರುವ ಒಂದು ಪತ್ರಿಕೆಗೆ ವಿಮರ್ಶೆ ಬರೆಯುತ್ತಿದ್ದೇನೆ. ಪ್ರಕಾಶಕರೇ ಕಳಿಸುತ್ತಾರೆ, ಅಂಚೆ ಖರ್ಚೂ ಅವರದೇ. ಕೆಲವು ಇನ್ನೂ ಅಂಗಡಿಗೇ ಬಂದಿರುವುದಿಲ್ಲ. ಕರಡು ಪ್ರತಿ, ಮೇಲೆ ‘ಮಾರಾಟಕ್ಕಲ್ಲ’ ಅಂತ ಅಚ್ಚು, ಒಳಗೆ ಎಷ್ಟೋ ಕಡೆ ಚಿತ್ರವೆಲ್ಲ ಬರೀ ಪೆನ್ಸಿಲ್ ಗೆರೆ.

ಈ ಸಲ ಒಂಬತ್ತು ಬಂದಿವೆ. ಎರಡು ಎಳೆಕೂಸುಗಳಿಗೆ. ಕಚ್ಚಿದರೂ ಹರಿಯಬಾರದು ಅಂತ ಹಾಳೆಯೆಲ್ಲ ದಪ್ಪ ರಟ್ಟು, ಚುಚ್ಚಬಾರದು ಅಂತ ಮೂಲೆ ದುಂಡಗೆ. ಇಲ್ಲಿ ಕೂಸು ಹುಟ್ಟಿದ ವರ್ಷದೊಳಗೇ ಪುಸ್ತಕ ಪುಕ್ಕಟೆ ಕೊಡುತ್ತಾರಮ್ಮ. 1992ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾದ ಪದ್ಧತಿ. ಉಳಿದವು ಚಿತ್ರಪುಸ್ತಕ, ಬಹುಪಾಲು 32 ಪುಟದವು. ದೊಡ್ಡ ಹಾಳೆ ಮಡಚಿದರೆ 16 ಪುಟ, ಅಂಥ ಎರಡು ಸೇರಿದರೆ ಒಂದು ಪುಸ್ತಕ. ಕಥೆ ಅಷ್ಟರಲ್ಲೇ ಮುಗಿಯಬೇಕಾದ್ದರಿಂದ ಅದರ ಜೀವವೆಲ್ಲ ಹಾಳೆ ಮಗುಚುವ ಜಾಗದಲ್ಲಿರುತ್ತದೆ. ಇದನ್ನು ನನಗೆ ಇಲ್ಲಿ ಯಾರೂ ಕಲಿಸಬೇಕಾಗಲಿಲ್ಲ. ಅಪ್ಪಯ್ಯ ನಾಲ್ಕನೇ ಕ್ಲಾಸಿಗೆ ಕಥೆ ಓದುವಾಗ ಹಾಳೆಯ ತುದಿಯನ್ನು ಬೆರಳಲ್ಲಿ ಹಿಡಿದು ನಿಲ್ಲಿಸಿ, ‘ಮುಂದೆ ಏನಾಗಿರಬಹುದು, ಹೇಳ್ರೋ’ ಅನ್ನುತ್ತಿದ್ದರಲ್ಲ!

ನಾನೂ ಹಾಗೇ ಆದಿಯನ್ನು, ಪಕ್ಕದ ಮನೆ ಹುಡುಗಿಯನ್ನು ಕೂರಿಸಿಕೊಂಡು ಪ್ರತಿ ಪುಸ್ತಕವನ್ನೂ ಗಟ್ಟಿಯಾಗಿ ಓದುತ್ತೇನೆ. ಮಕ್ಕಳ ಕಣ್ಣು ಎಲ್ಲಿ ಕಿಟಕಿಯ ಕಡೆ ಹೋಯಿತೋ ಅಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಬರೆಯಲಿಕ್ಕೆ ಸಿಗುವುದು ಇನ್ನೂರು ಪದದ ಜಾಗ. ಹೋದ ತಿಂಗಳು ಭಾರತದ ಹಳ್ಳಿಯ ಕಥೆ ಅಂತ ಒಂದು ಬಂದಿತ್ತು. ಪುಟಪುಟಕ್ಕೂ ಆನೆ, ಹಾವಾಡಿಗ. ಒಂದು ಶಾಲೆಯಿಲ್ಲ, ಬಸ್ಸಿಲ್ಲ, ಕೊಡೆ ಹಿಡಿದ ಒಂದು ಮಗುವಿಲ್ಲ. ನನಗೆ ಸಿಟ್ಟೇ ಬಂತು. ಬಣ್ಣ ಚೆಂದವಿದೆ, ಹಳ್ಳಿ ಮಾತ್ರ ಸುಳ್ಳು ಅಂತ ಬರೆದೆ. ಸಂಪಾದಕಿ ಒಂದಕ್ಷರ ತೆಗೆಯದೆ ಹಾಕಿದರು.

ಇನ್ನು ನಿನ್ನ ಕಾಗದದ ಕೊನೆಯ ಸಾಲು. ‘ಅಪ್ಪಯ್ಯ ಪೇಪರ್ ಓದುವುದು ಬಿಟ್ಟಿದ್ದಾರೆ, ಅಕ್ಷರ ಮಂಜು ಅಂತಾರೆ’ ಅಂತ ಮೂಲೆಯಲ್ಲಿ ಸಣ್ಣಗೆ ಬರೆದಿದ್ದೀಯ. ಎರಡು ರಾತ್ರಿ ನನಗೆ ನಿದ್ದೆ ಬಂದಿಲ್ಲ. ಗಿರಿಯನ್ನು ಕೇಳಿದರೆ, ಪೊರೆ ಬಂದಿದೆ ಅಂತ ಡಾಕ್ಟರು ಸಂಕ್ರಾಂತಿಗೇ ಹೇಳಿದ್ದರಂತೆ. ನನಗೆ ಯಾಕೆ ಹೇಳಲಿಲ್ಲ? ಫೋನ್ ಮಾಡಿದಾಗ ಅಪ್ಪಯ್ಯ ಪಕ್ಕದಲ್ಲೇ ಇರುತ್ತಾರೆ, ನೀನು ಮಾತು ನುಂಗುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಪೊರೆ ಹಣ್ಣಾಗಲಿ ಅಂತ ಕಾಯುವುದು ಅಜ್ಜನ ಕಾಲದ ಮಾತು. ಈಗ ಕಾದಷ್ಟೂ ಪೊರೆ ಗಟ್ಟಿಯಾಗಿ ತೆಗೆಯುವುದು ಕಷ್ಟವಾಗುತ್ತದೆ. ಪ್ರಜ್ಞೆ ತಪ್ಪಿಸುವುದಿಲ್ಲ, ನೋವು ತಿಳಿಯದ ಹಾಗೆ ಕಣ್ಣಿಗಷ್ಟೇ ಔಷಧಿ. ಅರ್ಧ ಗಂಟೆಯೊಳಗೆ ಪೊರೆ ತೆಗೆದು ಲೆನ್ಸ್ ಕೂರಿಸುತ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಮೊದಲು ರಕ್ತ ಪರೀಕ್ಷೆ ಆಗಲಿ, ಕಣ್ಣಿನ ಹಿಂಭಾಗದ ನರವನ್ನೂ ನೋಡಿ ಅಂತ ಗಿರಿ ಡಾಕ್ಟರಿಗೆ ಮರೆಯದೆ ಹೇಳಲಿ. ಆಪರೇಷನ್ ಆದಮೇಲೆ ಡ್ರಾಪ್ಸ್ ಒಂದು ಹೊತ್ತೂ ತಪ್ಪಬಾರದು. ಕಣ್ಣು ಉಜ್ಜಬಾರದು, ತಲೆಗೆ ಸ್ನಾನ ಡಾಕ್ಟರು ಹೂಂ ಅಂದ ಮೇಲೆಯೇ. ಒಲೆಯ ಮುಂದೆ ಕೂತು ಹಂಡೆಗೆ ಉರಿ ಹಾಕಲು ಬಿಡಬೇಡ. ಮಳೆ ಹಿಡಿಯುವ ಮೊದಲು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ. ಜೂನ್ ಬಂದರೆ ಕರೆಂಟು ಹೋಗುತ್ತದೆ, ರಸ್ತೆ ಹಾಳಾಗುತ್ತದೆ, ಅಪ್ಪಯ್ಯನಿಗೆ ಅದೇ ನೆಪವಾಗುತ್ತದೆ.

ಅಡಿಕೆ ದುಡ್ಡು ಸೊಸೈಟಿ ಸಾಲಕ್ಕೆ ಹೋಯಿತು ಅಂತ ಗೊತ್ತು. ಗಿರಿಯ ಖಾತೆಗೆ 40,000 ಹಾಕಿದ್ದೇನೆ. ಸಾಲದಿದ್ದರೆ ಇನ್ನೂ ಕಳಿಸುತ್ತೇನೆ. ನನಗೆ ತೊಂದರೆಯಾಗುತ್ತದೆ ಅಂದುಕೊಳ್ಳಬೇಡ. ಇವರಿಗೂ ಕೆಲಸ ಗಟ್ಟಿ, ನನಗೂ ಗ್ರಂಥಾಲಯದ ಸಂಬಳವಿದೆ, ಖಂಡಿತ ಏನೂ ತೊಂದರೆಯಿಲ್ಲ.

ಇದೊಂದನ್ನು ಅಪ್ಪಯ್ಯನಿಗೆ ಓದಿ ಹೇಳು. ಇಲ್ಲಿ ಮಾರ್ಚ್‌ನ ಮೊದಲ ಗುರುವಾರ ಪುಸ್ತಕದ ದಿನ. ಮಕ್ಕಳೆಲ್ಲ ಕಥೆಯ ಪಾತ್ರದ ವೇಷದಲ್ಲೇ ಶಾಲೆಗೆ ಹೋಗುತ್ತಾರೆ, ಪುಸ್ತಕಕ್ಕೆ ಅಂತ ಒಂದು ಪೌಂಡಿನ ಚೀಟಿ ಸಿಗುತ್ತದೆ. ಹುಲಿ, ಮಾಟಗಾತಿ, ರಾಜಕುಮಾರಿಯರ ನಡುವೆ ನಮ್ಮ ಆದಿ ಪಂಚೆ ಕಚ್ಚೆ ಹಾಕಿ ತೆನಾಲಿ ರಾಮ! ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕಿನ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿದನಂತೆ. ಬೆಕ್ಕು ಓಡುವ ಮೊದಲು ನಿಲ್ಲಿಸಿ, ಮುಂದೇನಾಯಿತು ಹೇಳಿ ಅಂತ ಕ್ಲಾಸನ್ನೇ ಕೇಳಿದನಂತೆ. ಅವನಿಗೆ ನಾನು ಅದನ್ನು ಹೇಳಿಕೊಟ್ಟಿರಲಿಲ್ಲ.

ಬಂದ ಪುಸ್ತಕಗಳಲ್ಲಿ ಅಜ್ಜ, ಮೊಮ್ಮಗ, ದೋಣಿಯ ಕಥೆಯೊಂದಿದೆ, ದೊಡ್ಡ ಅಕ್ಷರದ್ದು. ವಿಮರ್ಶೆ ಕಳಿಸಿಯಾದ ಮೇಲೆ ಅದನ್ನು ಅಪ್ಪಯ್ಯನಿಗೆ ಅಂಚೆಗೆ ಹಾಕುತ್ತೇನೆ. ಕಣ್ಣು ಬಿಚ್ಚಿದ ಮೇಲೆ ಫೋನಿನಲ್ಲಿ ಆದಿಗೆ ಅವರೇ ಓದಲಿ.

ಇಲ್ಲಿ ಚಳಿ ಇಳಿದಿದೆ. ಹೊತ್ತುಹೊತ್ತಿಗೆ ಊಟ ಮಾಡುತ್ತೇನೆ, ಸೊಂಟ ನೋವು ಪೂರ್ತಿ ಹೋಗಿದೆ, ನನ್ನ ಚಿಂತೆ ಬಿಡು. ಮೂರೂಕಾಲಕ್ಕೆ ಶಾಲೆ ಬಿಡುತ್ತದೆ, ಆದಿಯನ್ನು ಕರೆತರಬೇಕು, ಹೊರಟೆ. ತಾರೀಖು ಗೊತ್ತಾದ ಕೂಡಲೇ ಗಿರಿ ಮೆಸೇಜು ಹಾಕಲಿ. ಅತ್ತಿಗೆಗೆ, ಪುಟ್ಟಿಗೆ ಕೇಳಿದೆ ಅಂತ ಹೇಳು.

ನಿನ್ನ
ಸುಮ