ಕನ್ನಡ ಕಲಿಯಲು ಬಂದವರು ಮೂರನೆಯ ವಾರಕ್ಕೆ ಏಕೆ ಕಾಣೆಯಾಗುತ್ತಾರೆ?

ಸಂಪಾದಕರಿಗೆ,

ಮಾನ್ಯರೇ,

ರಾಜ್ಯೋತ್ಸವದ ಸುಮಾರಿಗೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಕಂಪನಿಗಳಲ್ಲಿ ಕನ್ನಡೇತರರಿಗಾಗಿ ಕನ್ನಡ ತರಗತಿಗಳು ಆರಂಭವಾಗುವುದು, ಉದ್ಘಾಟನೆಯ ಚಿತ್ರ ಪತ್ರಿಕೆಗಳಲ್ಲಿ ಬರುವುದು, ಸಂಕ್ರಾಂತಿಯ ಹೊತ್ತಿಗೆ ಆ ಕೋಣೆಗೆ ಬೀಗ ಬೀಳುವುದು ಈಗ ವರ್ಷಾವಧಿ ಹಬ್ಬದಷ್ಟೇ ನಿಯತವಾಗಿಬಿಟ್ಟಿದೆ. ಹೀಗೇಕೆ ಎಂದು ಕೇಳಿದರೆ, "ಅವರಿಗೆ ಕಲಿಯುವ ಮನಸ್ಸೇ ಇಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ, ನಿವೃತ್ತಿಯ ಬಳಿಕ ಒಂಬತ್ತು ವರ್ಷಗಳಿಂದ ವಾರಕ್ಕೆ ಎರಡು ಸಂಜೆ ಹೊರರಾಜ್ಯದವರಿಗೆ ಕನ್ನಡ ಕಲಿಸುತ್ತಿರುವ ನಾನು ಈ ಉತ್ತರವನ್ನು ಒಪ್ಪಲಾರೆ. ದಿನದ ದುಡಿಮೆ ಮುಗಿಸಿ, ಹೊರವರ್ತುಲ ರಸ್ತೆಯ ವಾಹನದಟ್ಟಣೆಯನ್ನು ದಾಟಿಕೊಂಡು, ಸಂಜೆ ಏಳೂವರೆಗೆ ನೋಟ್‌ಬುಕ್ ಹಿಡಿದು ಬಂದು ಕುಳಿತವರಿಗೆ ಮನಸ್ಸಿಲ್ಲ ಎನ್ನುವುದು ಅನ್ಯಾಯ. ಮನಸ್ಸು ಇದ್ದುದರಿಂದಲೇ ಅವರು ಬಂದಿರುತ್ತಾರೆ. ಆ ಮನಸ್ಸು ಮೂರನೆಯ ವಾರಕ್ಕೆ ಎಲ್ಲಿ ಹೋಯಿತು ಎಂಬುದಕ್ಕೆ ಉತ್ತರ ಹೇಳಬೇಕಾದವರು ಕಲಿಸುವ ನಾವು.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನನ್ನ ಮೊದಲ ತಂಡದಲ್ಲಿ ಇಪ್ಪತ್ತೆರಡು ಮಂದಿ ಇದ್ದರು. ನಾನು ಬಲ್ಲ ಕ್ರಮದಲ್ಲೇ ಆರಂಭಿಸಿದೆ: ಮೊದಲ ವಾರ ವರ್ಣಮಾಲೆ, ಎರಡನೆಯ ವಾರ ಕಾಗುಣಿತ, ಮೂರನೆಯ ವಾರ ವಿಭಕ್ತಿ ಪ್ರತ್ಯಯಗಳು. ಋಕಾರದ ಉಚ್ಚಾರಣೆಯನ್ನೂ ಙ, ಞಗಳ ಬರವಣಿಗೆಯನ್ನೂ ತಿದ್ದುವುದರಲ್ಲಿ ಎಷ್ಟು ಶ್ರದ್ಧೆ ವಹಿಸಿದೆನೆಂದರೆ, ಆ ಅಕ್ಷರಗಳು ನಿತ್ಯದ ಮಾತಿನಲ್ಲಿ ಅವರಿಗೆ ಒಮ್ಮೆಯೂ ಎದುರಾಗುವುದಿಲ್ಲವೆಂಬುದು ಹೊಳೆಯಲೇ ಇಲ್ಲ. ಐದನೆಯ ವಾರಕ್ಕೆ ಏಳು ಮಂದಿ ಉಳಿದರು. ಬಾರದವರಲ್ಲಿ ಒಬ್ಬರು ಅಂಗಡಿಯ ಬಳಿ ಸಿಕ್ಕಾಗ, ಸಂಕೋಚದಿಂದಲೇ, "ಸರ್, ಆಟೋದವರಿಗೆ 'ಇಲ್ಲೇ ನಿಲ್ಲಿಸಿ' ಅನ್ನುವುದನ್ನು ಯಾವ ತಿಂಗಳಲ್ಲಿ ಹೇಳಿಕೊಡುತ್ತೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹಾಜರಿ ಪುಸ್ತಕದಲ್ಲಿ ಇಪ್ಪತ್ತೆರಡು ಹೆಸರುಗಳಿದ್ದರೂ, ನೀವು ಏಕೆ ಬಂದಿರಿ ಎಂದು ಒಬ್ಬರನ್ನೂ ನಾನು ಕೇಳಿರಲಿಲ್ಲವೆಂಬುದು ಆಗ ನೆನಪಾಯಿತು.

ಎರಡನೆಯ ತಂಡದಿಂದ ಮೊದಲ ದಿನ ಕಪ್ಪುಹಲಗೆಯನ್ನು ಮುಟ್ಟುವುದನ್ನೇ ಬಿಟ್ಟೆ. ಎಲ್ಲರನ್ನೂ ವೃತ್ತಾಕಾರವಾಗಿ ಕೂರಿಸಿ, ಕನ್ನಡದಲ್ಲಿ ಯಾರೊಡನೆ ಮಾತನಾಡಬೇಕೆಂಬ ಆಸೆ ನಿಮಗಿದೆ ಎಂದು ಕೇಳುತ್ತೇನೆ. ಒಬ್ಬರಿಗೆ ಮನೆಗೆಲಸಕ್ಕೆ ಬರುವ ಅಮ್ಮನೊಡನೆ. ಇನ್ನೊಬ್ಬರು ಹಾಸನದ ಹುಡುಗಿಯನ್ನು ಮದುವೆಯಾದವರು; ಹಬ್ಬಕ್ಕೆ ಹೋದಾಗಲೆಲ್ಲ ಹೆಂಡತಿಯ ಅಜ್ಜಿ ಕೈಹಿಡಿದು ಏನೋ ಹೇಳುತ್ತಾರೆ, ತಾವು ತಲೆಯಾಡಿಸಿ ಬರುತ್ತಾರೆ. ಮತ್ತೊಬ್ಬರಿಗೆ ಮಗಳ ಹೋಂವರ್ಕು. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದ ದೆಸೆಯಿಂದ ಮಗು ಶಾಲೆಯಲ್ಲಿ ಕನ್ನಡ ಓದುತ್ತದೆ, ಮನೆಯಲ್ಲಿ ಕೇಳಿದರೆ ಹೇಳಿಕೊಡುವವರಿಲ್ಲ. ಈ ಉತ್ತರಗಳನ್ನು ಹೆಸರಿನ ಮುಂದೆ ಬರೆದುಕೊಂಡರೆ ಮುಂದಿನ ಎರಡು ತಿಂಗಳ ಪಾಠಗಳು ತಾವಾಗಿಯೇ ಸಿದ್ಧವಾಗುತ್ತವೆ. ಅದಕ್ಕಿಂತ ಮುಖ್ಯವಾಗಿ, ನಾಲ್ಕನೆಯ ವಾರ "ಅಜ್ಜಿ ಏನಂದರು?" ಎಂದು ಕೇಳಿದ ಮೇಷ್ಟರ ತರಗತಿಯನ್ನು ತಪ್ಪಿಸಲು ಆ ಅಳಿಯಂದಿರಿಗೆ ಮನಸ್ಸಾಗುವುದಿಲ್ಲ.

ಕೆನಡಾದ ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಕಲಿಯುತ್ತಿದ್ದ ಇಂಗ್ಲಿಷ್ ಭಾಷಿಕ ವಿದ್ಯಾರ್ಥಿಗಳನ್ನು ಕುರಿತು ಗಾರ್ಡ್ನರ್ ಮತ್ತು ಲ್ಯಾಂಬರ್ಟ್ 1959ರಲ್ಲಿ ಪ್ರಕಟಿಸಿದ ಅಧ್ಯಯನವು, ಲಾಭಕ್ಕಾಗಿ ಕಲಿಯುವವರಿಗಿಂತ ಆ ಭಾಷೆಯ ಜನರೊಡನೆ ಬೆರೆಯಲು ಬಯಸಿ ಕಲಿಯುವವರಲ್ಲಿ ಪ್ರೇರಣೆ ಹೆಚ್ಚೆಂದು ಗುರುತಿಸಿತ್ತು. ಅದು ನಿಜವಿದ್ದೀತು. ಆದರೆ ನನ್ನ ಅನುಭವದಲ್ಲಿ ಈ ಎರಡರ ನಡುವೆ ಗೋಡೆಯಿಲ್ಲ. ಆಟೋದವರೊಡನೆ ಚೌಕಾಸಿ ಮಾಡುವಷ್ಟು ಕನ್ನಡ ಸಾಕೆಂದು ಬಂದವರೇ ಆರು ತಿಂಗಳ ಮೇಲೆ ಆ ಆಟೋದವರ ಮಗಳ ಪರೀಕ್ಷೆಯ ಫಲಿತಾಂಶ ಹೇಳುತ್ತಾ ತರಗತಿಗೆ ಬಂದದ್ದನ್ನು ಕಂಡಿದ್ದೇನೆ. ಆದ್ದರಿಂದ ಸ್ವಾರ್ಥಕ್ಕೆ ಕಲಿಯಲು ಬಂದವರನ್ನು ಕಂಡು ಮೂಗು ಮುರಿಯುವ ಅಭ್ಯಾಸವನ್ನು ಕನ್ನಡ ಕಲಿಸುವವರು ಬಿಡಬೇಕು. ಮೊದಲ ದಿನವೇ ಕನ್ನಡದ ಎರಡು ಸಾವಿರ ವರ್ಷಗಳ ಹಿರಿಮೆಯ ಭಾಷಣ ಮಾಡುವುದನ್ನೂ ಬಿಡಬೇಕು. ನಮಗೆ ಅದು ಹೆಮ್ಮೆ. ಕೇಳುವವರಿಗೆ ಅದು ಇನ್ನೂ ಹತ್ತದ ಬೆಟ್ಟದ ಎತ್ತರ.

ನನಗೆ ಪಾಠ ಹೇಳುವುದನ್ನು ಕಲಿಸಿದವರು ಒಡಿಶಾದ ಒಬ್ಬ ನರ್ಸ್. ಖಾಸಗಿ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯಲ್ಲಿದ್ದ ಆಕೆಗೆ ಮಾಗಡಿ ಕಡೆಯ ಅಜ್ಜಿಯೊಬ್ಬರು, "ತುಂಬಾ ಸಂಕಟ ಆಗ್ತಿದೆ ಕಣವ್ವ" ಎಂದರಂತೆ. ಒಡಿಯಾದಲ್ಲಿಯೂ ಹಿಂದಿಯಲ್ಲಿಯೂ ಸಂಕಟವೆಂದರೆ ವಿಪತ್ತು. ಪ್ರಾಣಕ್ಕೇ ಬಂದಿತೆಂದು ಗಾಬರಿಗೊಂಡ ಆಕೆ ಮಲಗಿದ್ದ ಡ್ಯೂಟಿ ಡಾಕ್ಟರನ್ನು ಎಬ್ಬಿಸಿ ಕರೆತಂದರೆ, ಅಜ್ಜಿ, "ಅಯ್ಯೋ, ಹೊಟ್ಟೆ ತೊಳಸ್ತಾ ಇದೆ ಅಷ್ಟೆ, ಒಂದು ಲೋಟ ಬಿಸಿನೀರು ಕೊಡವ್ವ" ಎಂದು ನಕ್ಕರಂತೆ. ಮರುದಿನ ಸಂಜೆ ಆಕೆ ತರಗತಿಗೆ ಬಂದಾಗ ಕೈಯಲ್ಲಿ ಒಂದು ಹಾಳೆಯಿತ್ತು. ಸಂಕಟ, ತೊಳಸು, ಉರಿ, ಸೆಳೆತ, ಜೋಮು, ತಲೆಸುತ್ತು — ವಾರ್ಡಿನಲ್ಲಿ ಕಿವಿಗೆ ಬಿದ್ದ ಮಾತುಗಳನ್ನೆಲ್ಲ ಒಡಿಯಾ ಲಿಪಿಯಲ್ಲಿ ಬರೆದುಕೊಂಡು ಬಂದಿದ್ದರು. ನನ್ನ ಪಾಠದ ಟಿಪ್ಪಣಿಯಲ್ಲಿ ಇದ್ದದ್ದು "ನೋವು" ಎಂಬ ಒಂದೇ ಪದ. ಆ ದಿನ ನನ್ನ ಪಾಠವನ್ನು ಮಡಿಸಿಟ್ಟು, ಆಕೆಯನ್ನೇ ಹಲಗೆಯ ಬಳಿ ನಿಲ್ಲಿಸಿದೆ. ಜೋಮು ಹಿಡಿಯುವುದಕ್ಕೂ ಸೆಳೆತಕ್ಕೂ ಏನು ವ್ಯತ್ಯಾಸವೆಂದು ಆಕೆ ತಮ್ಮ ಕಾಲನ್ನೇ ತೋರಿಸಿ ವಿವರಿಸುತ್ತಿದ್ದರೆ, ಸಾಫ್ಟ್‌ವೇರಿನವರೂ ಬ್ಯಾಂಕಿನವರೂ ಹಿಂದೆಂದೂ ಇಲ್ಲದ ಗಮನದಿಂದ ಬರೆದುಕೊಂಡರು.

ಅಂದಿನಿಂದ ನನ್ನ ತರಗತಿಯ ಮೊದಲ ಹದಿನೈದು ನಿಮಿಷ "ಈ ವಾರ ಕಿವಿಗೆ ಬಿದ್ದ ಮಾತು" ಎಂಬುದಕ್ಕೆ ಮೀಸಲು. ಒಮ್ಮೆ ಒಬ್ಬರು "ಸುಮ್ಮನೆ" ಎಂಬ ಪದವನ್ನು ತಂದರು. ಸುಮ್ಮನೆ ಬಂದೆ, ಸುಮ್ಮನಿರು, ಸುಮ್ಮನೆ ಹೇಳಿದೆ, ಸುಮ್ಮನೆ ಅಲ್ಲ — ಇವುಗಳನ್ನು ಬಿಡಿಸುವುದರಲ್ಲಿ ಇಡೀ ಗಂಟೆ ಕಳೆಯಿತು, ನಾನು ಸಿದ್ಧಮಾಡಿಕೊಂಡು ಹೋಗಿದ್ದ ಭೂತಕಾಲ ಹಾಗೆಯೇ ಉಳಿಯಿತು. ಅದರಿಂದ ನಷ್ಟವಾಗಲಿಲ್ಲ.

ಕಲಿಯುವವರ ಭಾಷೆಯನ್ನು ನಾವು ಸ್ವಲ್ಪವಾದರೂ ಬಲ್ಲವರಾಗಿರಬೇಕೆಂಬುದು ನನ್ನ ಎರಡನೆಯ ಮಾತು. ತಮಿಳಿನವರಿಗೆ ಪಾಲ್, ಪೂ, ಪುಲಿ ಎಂಬ ಅವರದೇ ಪದಗಳನ್ನು ಬರೆದು, ಪಕಾರದ ಜಾಗದಲ್ಲಿ ಹಕಾರವನ್ನಿಟ್ಟು ಹಾಲು, ಹೂ, ಹುಲಿ ಮಾಡಿ ತೋರಿಸಿ, ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ ಎಂದೇ ಹೇಳುತ್ತಿದ್ದೆವೆಂದರೆ ಅವರ ಮುಖ ಅರಳುವುದನ್ನು ನೋಡಬೇಕು. ತೆಲುಗಿನವರಿಗೆ ನಮ್ಮ ಲಿಪಿ ಒಡಹುಟ್ಟಿದ ಲಿಪಿ, ಒಂದು ವಾರ ಸಾಕು. ಹಿಂದಿಯವರಿಗೆ "ನನಗೆ ಬೇಕು" ಎಂಬುದು "ಮುಝೇ ಚಾಹಿಯೇ" ಎಂಬುದರ ಅಚ್ಚೇ ಆಗಿರುವುದನ್ನು ತೋರಿಸಿ, ಕನ್ನಡದಲ್ಲಿ ಕುರ್ಚಿ ಮೇಜುಗಳಿಗೆ ಗಂಡು ಹೆಣ್ಣೆಂಬ ಭೇದವಿಲ್ಲ ಎಂದು ಹೇಳಿದೊಡನೆ ಅರ್ಧ ಭಯ ಕಳೆಯುತ್ತದೆ. ಬಂಗಾಳಿಗಳ ನಾಲಿಗೆಯಲ್ಲಿ ವಕಾರವು ಬಕಾರವಾಗುವುದನ್ನು ಮೊದಲೇ ತಿಳಿದಿದ್ದರೆ, ಅದನ್ನು ಅಸಡ್ಡೆಯೆಂದು ಭಾವಿಸಿ ಗದರುವ ಪ್ರಸಂಗವೇ ಬರುವುದಿಲ್ಲ. ಇದಕ್ಕೆ ಪಾಂಡಿತ್ಯ ಬೇಕಿಲ್ಲ, ಒಂದೊಂದು ಭಾಷೆಯ ಹತ್ತಿಪ್ಪತ್ತು ಪದಗಳು ಸಾಕು. ನಾನು ಒಡಿಯಾ ಪದವೊಂದನ್ನು ತಪ್ಪಾಗಿ ಉಚ್ಚರಿಸಿ ಆ ನರ್ಸ್ ತಿದ್ದಿದ ದಿನವೇ, ಅದುವರೆಗೆ ಬಾಯಿ ಬಿಡದಿದ್ದ ಇಬ್ಬರು ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದರು. ಮೇಷ್ಟರೂ ತಪ್ಪು ಮಾಡುತ್ತಾರೆಂಬುದು ಕಣ್ಣಿಗೆ ಕಂಡಾಗ ತರಗತಿಯ ಗಾಳಿಯೇ ಬದಲಾಗುತ್ತದೆ.

ತಪ್ಪುಗಳ ಮಾತು ಬಂದಾಗ ನಗುವಿನ ಮಾತನ್ನೂ ಆಡಬೇಕು. ಬಿಹಾರದ ಇಂಜಿನಿಯರೊಬ್ಬರು ಶಿಕ್ಷಕರ ದಿನಾಚರಣೆಯಂದು ನನಗೆ ಕನ್ನಡದಲ್ಲೇ ಸಂದೇಶ ಕಳುಹಿಸಿದ್ದರು: "ಸರ್, ನೀವು ಕೊಟ್ಟ ಶಿಕ್ಷೆಗೆ ಧನ್ಯವಾದಗಳು." ಹಿಂದಿಯ ಶಿಕ್ಷಾ ನಮ್ಮಲ್ಲಿ ಶಿಕ್ಷಣ, ನಮ್ಮ ಶಿಕ್ಷೆ ಅವರಲ್ಲಿ ದಂಡ. ಇದನ್ನು ಅವರ ಅನುಮತಿ ಪಡೆದು ತರಗತಿಯಲ್ಲಿ ಓದಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. (ನನ್ನ ಮೊದಲ ತಂಡದವರು ಈ ಸಂದೇಶ ಕಳುಹಿಸಿದ್ದರೆ ಅದರಲ್ಲಿ ತಿದ್ದುವಂಥದ್ದೇನೂ ಇರುತ್ತಿರಲಿಲ್ಲ.) ಆದರೆ ಅದೇ ತಪ್ಪಿಗೆ ಕಚೇರಿಯ ಕನ್ನಡಿಗ ಸಹೋದ್ಯೋಗಿಗಳು ಅವರನ್ನು ತಿಂಗಳುಗಟ್ಟಲೆ "ಶಿಕ್ಷೆ ಸಾಹೇಬರು" ಎಂದು ಕರೆದರಂತೆ. ಆ ಅವಧಿಯಲ್ಲಿ ಕಚೇರಿಯಲ್ಲಿ ಅವರು ಒಂದು ಕನ್ನಡ ಪದವನ್ನೂ ಆಡಲಿಲ್ಲ.

ಇನ್ನೊಂದು ಬಗೆಯ ತಪ್ಪು ಅವರದ್ದಲ್ಲ, ಕಲಿಸುವವರದ್ದು. ಬೀದಿಯಲ್ಲಿ ಕಿವಿಗೆ ಬೀಳುವ "ಬಾ", "ಹೋಗು", "ಕೊಡು"ಗಳನ್ನೇ ಕಲಿತವರು ಅವನ್ನು ಹಿರಿಯರೊಡನೆ ಬಳಸಿ ಬೈಸಿಕೊಳ್ಳುತ್ತಾರೆ, ತಾವೇನು ತಪ್ಪು ಮಾಡಿದೆವೆಂದೂ ಅವರಿಗೆ ತಿಳಿಯುವುದಿಲ್ಲ. ಬನ್ನಿ, ಹೋಗಿ, ಕೊಡಿ ಎಂಬ ರೂಪಗಳನ್ನೇ ಮೊದಲು ಕಲಿಸಿ, ಏಕವಚನವನ್ನು ಎರಡನೆಯ ತಿಂಗಳಿಗೆ ಮುಂದೂಡಿದರೆ ಈ ಅವಮಾನ ತಪ್ಪುತ್ತದೆ. ಹಾಗೆಯೇ ಪುಸ್ತಕದ "ಬರುತ್ತೇನೆ"ಯನ್ನು ಮಾತ್ರ ಕಲಿಸಿ ಕಳುಹಿಸಿದರೆ, ಹೊರಗೆ "ಬರ್ತೀನಿ" ಎಂದು ಕೇಳಿದಾಗ ತಾವು ಕಲಿತದ್ದು ಬೇರಾವುದೋ ಭಾಷೆಯೆಂದು ಅವರು ಹತಾಶರಾಗುತ್ತಾರೆ. ಆಡುಮಾತನ್ನು ಕಲಿಸಿದರೆ ಭಾಷೆ ಕೆಡುತ್ತದೆಂಬ ಆತಂಕ ನನ್ನ ಓರಗೆಯ ಅಧ್ಯಾಪಕರಲ್ಲಿ ಅನೇಕರಿಗಿದೆ. ನಾವೆಲ್ಲರೂ ಮನೆಯಲ್ಲಿ ಆಡುವುದು ಅದನ್ನೇ ಎಂದಷ್ಟೇ ಅವರಿಗೆ ನನ್ನ ಉತ್ತರ.

ಎಷ್ಟು ಚೆನ್ನಾಗಿ ಕಲಿಸಿದರೂ, ಕಲಿತ ವಾಕ್ಯವನ್ನು ಹಿಡಿದು ಬೀದಿಗಿಳಿದವರಿಗೆ ನಾವು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸಿದರೆ ಎಲ್ಲವೂ ನೀರಿನಲ್ಲಿ ಹೋಮ. ನಾವಿದನ್ನು ಸೌಜನ್ಯವೆಂದು ತಿಳಿದಿದ್ದೇವೆ. ಅವರಿಗದು ನಿಮ್ಮ ಕನ್ನಡ ಸಾಲದು ಎಂಬ ತೀರ್ಪಿನಂತೆ ಕೇಳಿಸುತ್ತದೆ. ಹೀಗಾಗಿ ನಮ್ಮ ಅಪಾರ್ಟ್‌ಮೆಂಟಿನ ಎದುರಿನ ಮೆಡಿಕಲ್ ಸ್ಟೋರಿನವರಿಗೂ ತಳ್ಳುಗಾಡಿಯಲ್ಲಿ ಸೊಪ್ಪು ಮಾರುವ ತಾಯಿಗೂ, ನನ್ನ ವಿದ್ಯಾರ್ಥಿಗಳಿಗೆ ನಿಧಾನವಾಗಿ, ಕನ್ನಡದಲ್ಲೇ ಉತ್ತರಿಸಿರೆಂದು ಕೇಳಿಕೊಂಡೆ. ಸೊಪ್ಪಿನವರು ನನ್ನನ್ನೂ ಮೀರಿಸಿದರು. ಬೆರಳು ತೋರಿಸಿದರೆ ಕೊಡುವುದಿಲ್ಲ. ಮೆಂತ್ಯವೋ, ಸಬ್ಬಸಿಗೆಯೋ, ದಂಟೋ ಬಾಯಿಬಿಟ್ಟು ಹೇಳಬೇಕು, ಸರಿಯಾಗಿ ಹೇಳಿದವರಿಗೆ ಎರಡು ಎಸಳು ಕರಿಬೇವು ಹೆಚ್ಚಿಗೆ. ನಾನು ಕೊಡುವ ಯಾವ ಪ್ರಮಾಣಪತ್ರಕ್ಕೂ ಆ ಕರಿಬೇವಿನಷ್ಟು ಬೆಲೆ ಬಂದದ್ದಿಲ್ಲ.

ಮೈಸೂರಿನಲ್ಲಿ 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರವು ಬೇರೆ ರಾಜ್ಯಗಳ ಶಿಕ್ಷಕರಿಗೆ ಹತ್ತು ತಿಂಗಳ ಅವಧಿಯಲ್ಲಿ ಕನ್ನಡವೂ ಸೇರಿದಂತೆ ದಕ್ಷಿಣದ ಭಾಷೆಗಳನ್ನು ಕಲಿಸುತ್ತ ಬಂದಿದೆ. ಅನ್ಯಭಾಷಿಕ ವಯಸ್ಕರಿಗೆ ಕಲಿಸುವ ಅನುಭವ ನಮ್ಮ ನಾಡಿನಲ್ಲಿಯೇ ಇದೆ ಎಂಬುದಕ್ಕೆ ಇದೊಂದು ನಿದರ್ಶನ. ಆ ಅನುಭವ ಅಪಾರ್ಟ್‌ಮೆಂಟಿನ ಸಂಜೆ ತರಗತಿಗೆ ಇಳಿದು ಬರುವುದಿಲ್ಲ. ಇಲ್ಲಿ ಕಲಿಸುವವರಲ್ಲಿ ಹೆಚ್ಚಿನವರು ನನ್ನಂತೆ ಕನ್ನಡ ಮಕ್ಕಳಿಗೆ ಸಾಹಿತ್ಯ ಪಾಠ ಹೇಳಿ ರೂಢಿಯಾದವರು, ಇಲ್ಲವೇ ಭಾಷಾಭಿಮಾನವೊಂದನ್ನೇ ಬಂಡವಾಳವಾಗಿ ಹೂಡಿದ ಉತ್ಸಾಹಿ ತರುಣರು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಹೊರರಾಜ್ಯದ ವಿದ್ಯಾರ್ಥಿಗಳಿಗೆ "ಬಳಕೆ ಕನ್ನಡ" ಎಂಬ ವಿಷಯವಿದೆ; ಕ್ರೆಡಿಟ್ಟಿಗಾಗಿ ಕುಳಿತ ಹದಿನೆಂಟರ ಹುಡುಗರನ್ನು ಒಲಿಸಿಕೊಳ್ಳುವುದು ಇಷ್ಟಪಟ್ಟು ಬಂದವರನ್ನು ಉಳಿಸಿಕೊಳ್ಳುವುದಕ್ಕಿಂತ ಕಷ್ಟದ ಕೆಲಸ. ಇವರೆಲ್ಲರಿಗೂ ಒಂದು ವಾರದ ತರಬೇತಿಯನ್ನಾದರೂ ಸರ್ಕಾರ ಏರ್ಪಡಿಸಬೇಕು.

ಜೊತೆಗೆ ತರಗತಿಗಳ ಯಶಸ್ಸನ್ನು ಅಳೆಯುವ ಕೋಲೂ ಬದಲಾಗಬೇಕು. ಒಮ್ಮೆ ಕಚೇರಿಯೊಂದು ನನ್ನಿಂದ ವರದಿ ಕೇಳಿದಾಗ ಅದರ ನಮೂನೆಯಲ್ಲಿದ್ದದ್ದು ನೋಂದಣಿಯಾದವರ ಸಂಖ್ಯೆ, ಉದ್ಘಾಟಕರ ಹೆಸರು ಮತ್ತು ಬ್ಯಾನರ್ ಕಾಣುವಂತೆ ತೆಗೆದ ಚಿತ್ರ. ಕೊನೆಯ ವಾರ ಎಷ್ಟು ಮಂದಿ ಉಳಿದಿದ್ದರು, ಅವರು ಏನು ಮಾತನಾಡಬಲ್ಲರು ಎಂಬುದಕ್ಕೆ ಕಲಮೇ ಇರಲಿಲ್ಲ. ಒಂದು ತಂಡದಲ್ಲಿ ಹದಿನೈದಕ್ಕಿಂತ ಹೆಚ್ಚು ಮಂದಿಯನ್ನು ಸೇರಿಸದಿರುವುದು, ಎರಡು ತರಗತಿ ತಪ್ಪಿಸಿದವರಿಗೆ ಕಲಿಸುವವರೇ ಫೋನ್ ಮಾಡಿ ವಿಚಾರಿಸುವುದು — ಇವಕ್ಕೆ ಹೆಚ್ಚಿನ ಹಣವೂ ಬೇಡ, ಹೊಸ ಕಾನೂನೂ ಬೇಡ. ಫೋನ್ ಮಾಡಿದರೆ ಗದರಿಕೆಯೆಂದು ಭಾವಿಸಿಯಾರೆಂಬ ಅಳುಕು ನನಗೂ ಇತ್ತು. "ನೀವು ಬರದಿದ್ದುದರಿಂದ ಈ ವಾರ ಕಿವಿಗೆ ಬಿದ್ದ ಮಾತು ಒಂದು ಕಡಿಮೆಯಾಯಿತು" ಎಂದರೆ ಯಾರೂ ಬೇಸರಪಟ್ಟದ್ದಿಲ್ಲ.

ಈಗಿನ ತಂಡ ಹದಿನಾಲ್ಕು ಮಂದಿಯಿಂದ ಆರಂಭವಾಗಿ ಹತ್ತನೆಯ ವಾರದಲ್ಲಿದೆ, ಹನ್ನೊಂದು ಮಂದಿ ಉಳಿದಿದ್ದಾರೆ. ಅವರಲ್ಲಿ ಇಬ್ಬರು ಕಳೆದ ಎರಡು ತರಗತಿಗಳಿಗೆ ಬಂದಿಲ್ಲ. ಈ ಪತ್ರವನ್ನು ಅಂಚೆಗೆ ಹಾಕಿ ಬಂದು ಅವರಿಗೆ ಫೋನ್ ಮಾಡಬೇಕಿದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ,
ಬೆಂಗಳೂರು