ಸ್ವಂತ ಕೋರಿಕೆಯ ಮೇರೆಗೆ

ಗೌರಿಬಿದನೂರು
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಕೊಡದೆ, ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಇಟ್ಟುಬಿಟ್ಟೆ. ಹಾಲು ಇರಲಿಲ್ಲ. ನಿನಗೂ ಅದು ಗೊತ್ತಾಗಿರುತ್ತದೆ, ರಾತ್ರಿ ಹತ್ತಕ್ಕೆ ನಮ್ಮ ಮನೆಯಲ್ಲಿ ಯಾರು ಹಾಲು ಕಾಯಿಸುತ್ತಾರೆ? ನಿಮ್ಮಪ್ಪ ಮಲಗಿದ್ದಾರೆ, ನಲ್ಲಿಯಲ್ಲಿ ಇವತ್ತು ನೀರು ಬರುವ ದಿನವಲ್ಲ, ಹಾಗಾಗಿ ಬರೆಯಲು ಕುಳಿತಿದ್ದೇನೆ.

ನೀನು ಕಂಬಾಲಪಲ್ಲಿಯ ತೀರ್ಪು ಓದಿದೆ ಎಂದೆ. ‘ಅಮ್ಮಾ, ನೀನು ಆಗ ಏನು ಮಾಡುತ್ತಿದ್ದೆ?’ ಎಂದೆ.

2000ದ ಮಾರ್ಚ್. ನಿನಗೆ ಮೂರು ವರ್ಷ. ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟ ಸುದ್ದಿ ಬಂದಾಗ ನಾನು ಶಾಲೆಯಲ್ಲಿದ್ದೆ. ಚಿಂತಾಮಣಿ ತಾಲ್ಲೂಕು ನಮಗೆ ದೂರದ ಊರೇನಲ್ಲ. ಆಗಿನ್ನೂ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿರಲಿಲ್ಲ, ಎಲ್ಲರೂ ಕೋಲಾರದವರೇ. ಮುಖ್ಯೋಪಾಧ್ಯಾಯರು ಪೇಪರನ್ನು ಮಡಚಿ ಬೀರುವಿನೊಳಗೆ ಇಟ್ಟರು. ‘ಮಕ್ಕಳ ಕಣ್ಣಿಗೆ ಬೀಳುವುದು ಬೇಡ’ ಎಂದರು. ನಾನು ಹೋಗಿ ಮೂರನೆಯ ತರಗತಿಗೆ ಏಳರ ಮಗ್ಗಿ ಹೇಳಿಕೊಟ್ಟೆ. ನಿನ್ನ ಪ್ರಶ್ನೆಗೆ ಇದು ನೇರವಾದ ಉತ್ತರ.

ಆದರೆ ನೀನು ಇನ್ನೊಂದು ಮಾತನ್ನೂ ಕೇಳಿದೆ. ಸಾಕ್ಷಿಗಳೆಲ್ಲ ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲರೂ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕಣ್ಣಾರೆ ಕಂಡವರು ಹೇಗಮ್ಮ ಕಾಣಲಿಲ್ಲ ಎನ್ನುತ್ತಾರೆ ಎಂದೆ. ಅಲ್ಲಿಯವರ ಕಷ್ಟ ನನಗೆ ಗೊತ್ತಿಲ್ಲ, ಅವರ ಬಗ್ಗೆ ಮಾತನಾಡುವ ಯೋಗ್ಯತೆಯೂ ನನಗಿಲ್ಲ. ಆದರೆ ಊರಿನಲ್ಲಿ ಒಂದು ಕಾಗದ ಹೇಗೆ ಹುಟ್ಟುತ್ತದೆ ಎಂಬುದು ನನಗೆ ಗೊತ್ತು. ಅಂಥ ಒಂದನ್ನು ನಾನೇ ಬರೆದಿದ್ದೇನೆ.

2003ರಲ್ಲಿ ನಮ್ಮ ಕಡೆಯ ಶಾಲೆಗಳಿಗೂ ಬಿಸಿಯೂಟ ಬಂತು. ನೀನು ಒಂದನೆಯ ತರಗತಿ. ಅಡುಗೆಗೆ ಇಬ್ಬರು ಹೆಂಗಸರು, ಅವರಲ್ಲೊಬ್ಬರು ಕಾಲೊನಿಯವರು. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ನಾವೆಲ್ಲ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆವು. ಎರಡನೆಯ ದಿನವೇ ಮೇಲಿನ ಬೀದಿಯ ಮಕ್ಕಳು ಊಟದ ಗಂಟೆ ಹೊಡೆದ ಕೂಡಲೇ ಮನೆಗೆ ಓಡಿದರು. ಮೂರನೆಯ ದಿನ ಅರವತ್ತು ಮಕ್ಕಳಿಗೆ ಬೇಯಿಸಿದ ಅನ್ನದಲ್ಲಿ ಮುಕ್ಕಾಲು ಪಾಲು ಹಾಗೇ ಉಳಿಯಿತು. ಆಕೆ ಪಾತ್ರೆಯ ಮುಚ್ಚಳ ತೆರೆಯುವುದು, ಸೌಟಿನಿಂದ ಅನ್ನ ಕೆದಕುವುದು, ಮತ್ತೆ ಮುಚ್ಚುವುದು. ಹತ್ತು ಸಲ ಹಾಗೆ ಮಾಡಿರಬೇಕು. ನಿನ್ನ ಡಬ್ಬಿಯನ್ನು ನಾನು ಮನೆಯಿಂದಲೇ ತರುತ್ತಿದ್ದೆ. ನಿನಗೆ ಖಾರ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಶನಿವಾರ ಸಭೆ ಕರೆದರು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಸ್ವಲ್ಪ ರೋಷ ಬರುತ್ತಿತ್ತೇನೋ. ಎಲ್ಲರೂ ಬಹಳ ಮೃದುವಾಗಿ ಮಾತನಾಡಿದರು. ‘ಊರಿನಲ್ಲಿ ಶಾಂತಿ ಇರಲಿ ಮೇಡಂ. ಆಕೆಯ ಗೌರವಧನವನ್ನೇನೂ ನಾವು ಕಿತ್ತುಕೊಳ್ಳುತ್ತಿಲ್ಲವಲ್ಲ’ ಎಂದರು. ಆಕೆ ಸೌದೆ ಒಟ್ಟುವುದು, ಅಂಗಳ ಗುಡಿಸುವುದು ಮಾಡಲಿ, ಒಲೆಯ ಹತ್ತಿರ ಇನ್ನೊಬ್ಬಾಕೆ ಇರಲಿ ಎಂದು ತೀರ್ಮಾನವಾಯಿತು. ನನ್ನ ಅಕ್ಷರ ದುಂಡಗಿದೆ ಎಂದು ನಡಾವಳಿ ಪುಸ್ತಕ ನನ್ನ ಮುಂದೆ ಬಂತು. ಮುಖ್ಯೋಪಾಧ್ಯಾಯರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ: ಸದರಿ ಅಡುಗೆ ಸಹಾಯಕಿಯವರನ್ನು ಅವರ ಸ್ವಂತ ಕೋರಿಕೆಯ ಮೇರೆಗೆ ಹೊರಗಿನ ಕೆಲಸಕ್ಕೆ ನಿಯೋಜಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.

ಸ್ವಂತ ಕೋರಿಕೆ! ಆಕೆ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದರು, ಯಾರೂ ಒಂದು ಮಾತು ಕೇಳಿರಲಿಲ್ಲ. ಕೊನೆಗೆ ಪುಸ್ತಕ ಮತ್ತು ಇಂಕಿನ ಪ್ಯಾಡನ್ನು ನಾನೇ ಹೊರಗೆ ತೆಗೆದುಕೊಂಡು ಹೋದೆ. ಹೆಬ್ಬೆಟ್ಟನ್ನು ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಹಿಡಿದು, ‘ಏಮಿ ರಾಸಿನಾರು ಮೇಡಂ?’ ಎಂದರು. ಏನು ಬರೆದಿದ್ದೀರಿ ಎಂದು.

‘ಏನಿಲ್ಲ, ಮೀಟಿಂಗ್‌ದು’ ಎಂದೆ.

ಅವರು ಒತ್ತಿದರು. ಸೆರಗಿನ ತುದಿಗೆ ಬೆರಳು ಒರೆಸಿಕೊಂಡು ಸೌದೆಯ ಕಡೆಗೆ ಹೋದರು.

ಪ್ರತಿ ವರ್ಷ ಮಕ್ಕಳನ್ನು ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗುತ್ತಿದ್ದೆನಲ್ಲ, ಆ ವರ್ಷವೂ ಹೋದೆ. 1938ರ ಏಪ್ರಿಲ್ 25. ಬಾವುಟ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸಭೆ ಸೇರಬಾರದೆಂಬ ನಿಷೇಧಾಜ್ಞೆಯಿತ್ತು. ಅಂಥ ಆಜ್ಞೆಗಳು ಯಾವ ಕಾಲದಲ್ಲೂ ಶಾಂತಿಯ ಹೆಸರಿನಲ್ಲೇ ಹೊರಡುತ್ತವೆ. ಸತ್ತವರು 10 ಮಂದಿ ಎಂದಿತು ಸರ್ಕಾರ. ಮೂವತ್ತಕ್ಕೂ ಹೆಚ್ಚು ಎನ್ನುತ್ತದೆ ಊರು. ಅಲ್ಲಿಯೂ ಯಾರೋ ದುಂಡಗಿನ ಅಕ್ಷರದವನೊಬ್ಬ ಕುಳಿತು ಹತ್ತು ಎಂದು ಬರೆದಿರಬೇಕಲ್ಲವೇ? ಆಮೇಲೆ ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ, ಮೈಸೂರಿನ ಬಾವುಟದ ಪಕ್ಕದಲ್ಲಿ ಕಾಂಗ್ರೆಸ್ ಬಾವುಟವೂ ಹಾರಬಹುದು ಎಂದಾಯಿತು. ಗುಂಡು ಹಾರಿದ ಸಂಜೆಯೂ ಆ ತೋಪು ನಿಶ್ಶಬ್ದವಾಗಿಯೇ ಇದ್ದಿರಬೇಕು. ಅದನ್ನು ಶಾಂತಿ ಎನ್ನುತ್ತೀಯೋ, ಎರಡು ಬಾವುಟ ಒಟ್ಟಿಗೆ ಹಾರಿದ್ದನ್ನು ಶಾಂತಿ ಎನ್ನುತ್ತೀಯೋ ನೋಡು. ಹಿಂದೆಲ್ಲ ಇದನ್ನು ಏರು ಧ್ವನಿಯಲ್ಲಿ ಹೇಳುತ್ತಿದ್ದೆ. ಆ ವರ್ಷ ಧ್ವನಿ ಏಳಲಿಲ್ಲ; ಮಕ್ಕಳು ನನಗೆ ನೆಗಡಿಯಾಗಿದೆ ಎಂದುಕೊಂಡರು.

ಅಶ್ವತ್ಥದ ಸಸಿ ನೆಟ್ಟವನು ವಿದುರನೆಂಬ ನಂಬಿಕೆ ನಿನಗೆ ಗೊತ್ತೇ ಇದೆ. ದ್ರೌಪದಿಯನ್ನು ಸಭೆಗೆ ಎಳೆದು ತಂದ ದಿನ ಭೀಷ್ಮ, ದ್ರೋಣರೆಲ್ಲ ತಲೆ ತಗ್ಗಿಸಿ ಕುಳಿತಿದ್ದಾಗ ಇದು ಅನ್ಯಾಯ ಎಂದವನು ಅವನು, ದಾಸಿಯ ಮಗ. ಅವನ ಹೆಸರಿನ ಕ್ಷೇತ್ರದಲ್ಲಿ ನಿಂತು ನಾನು ಭೀಷ್ಮರ ಸಾಲಿನಲ್ಲಿದ್ದೆ. ಅವರಿಗಾದರೂ ದುರ್ಯೋಧನನ ಅನ್ನದ ಋಣ ಎಂಬ ನೆಪವಿತ್ತು. ನನಗೆ ಸಂಬಳ ಕೊಡುತ್ತಿದ್ದದ್ದು ಸರ್ಕಾರ.

2005ರಲ್ಲಿ ಹೊಸ ಮುಖ್ಯೋಪಾಧ್ಯಾಯರು ಬಂದರು. ಗಿಡ್ಡನೆಯ ಮನುಷ್ಯ, ಭಾಷಣ ಗೀಷಣ ಇಲ್ಲ. ಬಂದ ವಾರವೇ ಆಕೆಯನ್ನು ಒಲೆಯ ಮುಂದೆ ಕೂರಿಸಿ, ತಾವೇ ಮೊದಲು ತಟ್ಟೆ ಹಿಡಿದು ಮಕ್ಕಳ ಸಾಲಿನಲ್ಲಿ ಕುಳಿತರು. ಎರಡನೆಯ ತಟ್ಟೆ ನಾನು ಹಿಡಿದೆ. ಎರಡನೆಯದು ಎನ್ನುವುದನ್ನು ಗಮನಿಸು. ಹದಿನೈದು ದಿನ ಗಲಾಟೆಯಾಯಿತು, ನಾಲ್ಕು ಮನೆಯವರು ಟಿ.ಸಿ. ತೆಗೆದುಕೊಂಡು ಹೋದರು, ಅವರಲ್ಲಿ ಇಬ್ಬರು ದಸರಾ ರಜೆ ಮುಗಿಯುವಷ್ಟರಲ್ಲಿ ವಾಪಸ್ ಬಂದರು. ಅಷ್ಟೇ. ಆ ಹದಿನೈದು ದಿನದ ಗಲಾಟೆಗೆ ಹೆದರಿ ನಾವು ಒಬ್ಬ ಹೆಂಗಸನ್ನು ಎರಡು ವರ್ಷ ಬಿಸಿಲಿನಲ್ಲಿ ನಿಲ್ಲಿಸಿದ್ದೆವು.

ಹೋದ ಸಲ ಊರಿಗೆ ಬಂದಾಗ ನೀನು ಬೇಸರದಲ್ಲಿದ್ದೆ. ಚಿತ್ರ ಬಿಡಿಸುವುದು ಬಿಟ್ಟೇಹೋಯಿತು, ಸೀನಿಯರ್ ಹೇಳಿದ ಅರ್ಜಿ, ಅಫಿಡವಿಟ್ಟುಗಳನ್ನು ಬರೆಯುವುದರಲ್ಲಿ ಎಂಥ ಸೃಜನಶೀಲತೆ ಎಂದೆ. ನಮ್ಮೂರಿನ ತಮಟೆಯವರು ನೆನಪಿದ್ದಾರೆಯೇ? ಬಾರಿಸುವ ಮೊದಲು ಹುಲ್ಲಿನ ಬೆಂಕಿಗೆ ತಮಟೆ ಹಿಡಿದು, ಬೆರಳಿನಿಂದ ತಟ್ಟಿ, ಕಿವಿಗಿಟ್ಟು ಕೇಳಿ, ಸರಿಯಿಲ್ಲ ಎನ್ನಿಸಿದರೆ ಮತ್ತೆ ಬೆಂಕಿಗೆ ಹಿಡಿಯುತ್ತಿದ್ದರು. ಸಾವಿನ ಮುಂದೆ ಬಾರಿಸು, ಸುದ್ದಿ ಸಾರು, ಗುಡಿಯ ಹೊರಗೆ ನಿಲ್ಲು ಎಂದು ಊರು ಅವರ ಕೈಗೆ ಕೊಟ್ಟ ವಾದ್ಯ ಅದು. ಅದೇ ತಮಟೆಗಾಗಿ ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಟಿ.ವಿ.ಯಲ್ಲಿ ನೋಡಿ ನಿಮ್ಮಪ್ಪ ಎದ್ದು ನಿಂತುಬಿಟ್ಟರು. ನಿನ್ನ ಅರ್ಜಿಯ ಒಂದೊಂದು ವಾಕ್ಯವನ್ನೂ ಹಾಗೆ ತಟ್ಟಿ ಕೇಳಿ ನೋಡು, ಚಿತ್ರದ ಕೈ ಎಲ್ಲಿಗೂ ಹೋಗುವುದಿಲ್ಲ. ನನ್ನ ಅಕ್ಷರವೂ ಚೆನ್ನಾಗಿಯೇ ಇತ್ತು, ಬರೆದದ್ದನ್ನು ತಟ್ಟಿ ಕೇಳಲಿಲ್ಲ.

ಆಕೆ ಹೋದ ವರ್ಷ ಸಂತೆಯಲ್ಲಿ ಸಿಕ್ಕಿದ್ದರು. ಇಪ್ಪತ್ತು ವರ್ಷ ತಡವಾಗಿ, ಪುಸ್ತಕದಲ್ಲಿ ಏನು ಬರೆದಿದ್ದೆ ಎಂದು ಹೇಳಿದೆ. ಅವರು ಹಸಿಮೆಣಸಿನಕಾಯಿ ಆರಿಸುವುದನ್ನು ನಿಲ್ಲಿಸಲಿಲ್ಲ. ‘ಗೊತ್ತು ಮೇಡಂ. ಆಮೇಲೆ ನನ್ನ ಮಗ ಓದಿ ಹೇಳಿದ’ ಎಂದರು. ಪರವಾಗಿಲ್ಲ ಎನ್ನಲಿಲ್ಲ. ನಾನೂ ಅದನ್ನು ನಿರೀಕ್ಷಿಸಬಾರದಿತ್ತು.

ಅವರೆಕಾಯಿ ಬಂದಿದೆ, ಹಿತಕಿದ ಬೇಳೆ ಮಾಡಿ ಡಬ್ಬಿಯಲ್ಲಿ ಕಳಿಸುತ್ತೇನೆ, ಫ್ರಿಜ್ಜಿನಲ್ಲಿಡು. ಇನ್ನೊಂದು ವಿಷಯ. ಅಫಿಡವಿಟ್ಟಿನ ಕೊನೆಯಲ್ಲಿ ‘ಮೇಲಿನ ವಿಷಯಗಳನ್ನು ನನಗೆ ತಿಳಿದ ಭಾಷೆಯಲ್ಲಿ ಓದಿ ಹೇಳಲಾಗಿದೆ’ ಎಂದು ಬರೆಯುತ್ತೀರಲ್ಲ, ನಮ್ಮ ಕಡೆಯಿಂದ ಬರುವ ತೆಲುಗಿನ ಮುದುಕಿಯರು ಹೆಬ್ಬೆಟ್ಟು ಒತ್ತುವ ಮುಂಚೆ ನೀನು ನಿಜವಾಗಿ ಓದಿ ಹೇಳುತ್ತೀಯಾ?

ಇಂತಿ,
ಅಮ್ಮ